ಶಾಲೆಗಳ ಧನಸಹಾಯದ ಸೂತ್ರಕ್ಕೆ ಅವಧಿಯೆಷ್ಟು?

ಸರ್ಕಾರವು ಸಾರ್ವಜನಿಕ ಶಾಲೆಗಳಿಗೆ ಹಣವನ್ನು ಹಂಚತಕ್ಕ ಸೂತ್ರವನ್ನು ಎಷ್ಟು ವರ್ಷಗಳಿಗೊಮ್ಮೆ ಪುನಃ ಪರಿಶೀಲಿಸಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ಗುಮಾಸ್ತರಿಗೂ ಲೆಕ್ಕಪತ್ರದ ಅಧಿಕಾರಿಗಳಿಗೂ ಬಿಟ್ಟುಬಿಡತಕ್ಕ ಪ್ರಶ್ನೆಯಂತೆ ತೋರುವುದು. ವಿಚಾರಿಸಿ ನೋಡಿದರೆ ಅದು ಹಾಗಲ್ಲ. ಸೂತ್ರವೆಂದರೆ ಒಂದು ಮಗುವನ್ನು ಓದಿಸುವುದಕ್ಕೆ ಎಷ್ಟು ಹಣ ಬೇಕು, ಬಡವರ ಮಗುವಿಗೆ ಅದಕ್ಕಿಂತ ಎಷ್ಟು ಹೆಚ್ಚು ಬೇಕು, ಅದರಲ್ಲಿ ಊರಿನವರು ಎಷ್ಟು ತೆರಬಲ್ಲರು, ಸರ್ಕಾರವು ಎಷ್ಟು ಕೂಡಿಸಬೇಕು ಎಂಬ ನಾಲ್ಕು ಊಹೆಗಳ ಕಟ್ಟು. ಈ ಊಹೆಗಳು ಒಂದು ವರ್ಷದಲ್ಲಿ ಹುಟ್ಟುತ್ತವೆ. ಆ ವರ್ಷದ ಬೆಲೆಗಳು, ಆ ವರ್ಷದ ಸಂಬಳಗಳು, ಆ ವರ್ಷದ ಮಕ್ಕಳ ಸಂಖ್ಯೆ ಅವುಗಳಲ್ಲಿ ಅಚ್ಚೊತ್ತಿರುತ್ತವೆ. ವರ್ಷಗಳು ಕಳೆಯುತ್ತವೆ, ಅಚ್ಚು ಮಾತ್ರ ಹಾಗೆಯೇ ಉಳಿಯುತ್ತದೆ. ಯಾರೂ ಶಾಲೆಯ ಹಣವನ್ನು ಕಡಿತಗೊಳಿಸಲಿಲ್ಲ, ಶಾಸನಸಭೆಯಲ್ಲಿ ಯಾರೂ ಅದಕ್ಕೆ ಕೈ ಎತ್ತಲಿಲ್ಲ. ಆದರೂ ಹಣವು ಕಡಮೆಯಾಗಿರುತ್ತದೆ. ಮತ ಹಾಕದೆ ಆಗತಕ್ಕ ಈ ಕಡಿತವೇ ನಮ್ಮ ಮುಂದಿರುವ ವಿಷಯ.

ಈ ಪ್ರಶ್ನೆಯನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳವರು ಎದುರಿಸಿರುವಷ್ಟು ಸ್ಪಷ್ಟವಾಗಿ ಬೇರೆಯವರು ಎದುರಿಸಿರುವುದು ವಿರಳ. ಅಲ್ಲಿನ ಒಕ್ಕೂಟದ ರಾಜ್ಯಘಟನೆಯಲ್ಲಿ ವಿದ್ಯಾಭ್ಯಾಸವೆಂಬ ಮಾತೇ ಇಲ್ಲ. ಅದು ಒಕ್ಕೂಟದ ಘಟನೆಯ ಪ್ರಕಾರ ಮೂಲಭೂತ ಹಕ್ಕಲ್ಲವೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯವು 1973ರಲ್ಲಿ, ಐವರು ಒಂದು ಕಡೆಗೂ ನಾಲ್ವರು ಇನ್ನೊಂದು ಕಡೆಗೂ ನಿಂತು, ತೀರ್ಪಿತ್ತಿತು. ಆದುದರಿಂದ ಶಾಲೆಯ ಭಾರವೆಲ್ಲವೂ 50 ರಾಜ್ಯಗಳ ಮೇಲೂ, ಅವುಗಳೊಳಗಿನ ಸ್ಥಳೀಯ ಶಾಲಾ ಜಿಲ್ಲೆಗಳ ಮೇಲೂ ಬಿದ್ದಿದೆ. ಒಕ್ಕೂಟ ಸರ್ಕಾರದಿಂದ ಬರತಕ್ಕದ್ದು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಸ್ಥಳೀಯ ಹಣವು ಬಹುಮಟ್ಟಿಗೆ ಮನೆ, ನಿವೇಶನಗಳ ಆಸ್ತಿ ತೆರಿಗೆಯಿಂದ ಬರುವುದು. ಸಿರಿವಂತರ ಊರಿನಲ್ಲಿ ಅಲ್ಪ ತೆರಿಗೆಯಿಂದಲೇ ಬೇಕಾದಷ್ಟು ಹಣ ಕೂಡುತ್ತದೆ. ಬಡ ಊರಿನಲ್ಲಿ ಭಾರಿ ತೆರಿಗೆ ಹಾಕಿದರೂ ಸಾಲದು. ಈ ವ್ಯತ್ಯಾಸವನ್ನು ತುಂಬಿಕೊಡುವುದಕ್ಕಾಗಿ ಜಾರ್ಜ್ ಸ್ಟ್ರೇಯರ್, ರಾಬರ್ಟ್ ಹೇಗ್ ಎಂಬ ವಿದ್ವಾಂಸರಿಬ್ಬರು 1923ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕಾಗಿ ಒಂದು ಕ್ರಮವನ್ನು ಸೂಚಿಸಿದರು. ಪ್ರತಿ ಮಗುವಿಗೂ ಇಂತಿಷ್ಟು ಎಂಬ ಆಧಾರ ಮೊತ್ತವನ್ನು ಗೊತ್ತುಮಾಡುವುದು, ಊರಿನವರು ನ್ಯಾಯವಾಗಿ ಕೊಡಬಲ್ಲುದನ್ನು ಅದರಲ್ಲಿ ಕಳೆಯುವುದು, ಉಳಿದುದನ್ನು ರಾಜ್ಯವು ಕೊಡುವುದು. ಇಂದಿಗೂ ಬಹುಪಾಲು ರಾಜ್ಯಗಳು ನಡೆಯುತ್ತಿರುವುದು ಈ ದಾರಿಯಲ್ಲಿಯೇ. ಕ್ರಮವೇನೋ ಸೊಗಸಾದುದು. ಆದರೆ ಆ ಆಧಾರ ಮೊತ್ತವನ್ನು ಮುಂದೆ ಯಾವಾಗ ತಿದ್ದಬೇಕು ಎಂಬಲ್ಲಿಯೇ ತೊಡಕು ಹುಟ್ಟಿತು.

ಮ್ಯಾಸಚೂಸೆಟ್ಸ್ ರಾಜ್ಯದ ಕಥೆಯನ್ನು ನಮ್ಮ ವಾಚಕರು ಸ್ವಲ್ಪ ವಿಸ್ತಾರವಾಗಿಯೇ ಕೇಳಬೇಕು. ಅಲ್ಲಿನ ಉಚ್ಚ ನ್ಯಾಯಾಸನವು 1993ನೆಯ ಜೂನ್ 15ರಂದು, ಬಡ ಊರಿನ ಮಕ್ಕಳಿಗೂ ತಕ್ಕ ವಿದ್ಯಾಭ್ಯಾಸವನ್ನು ಒದಗಿಸುವುದು ರಾಜ್ಯದ ಕರ್ತವ್ಯವೆಂದು ತೀರ್ಪು ಕೊಟ್ಟಿತು. ಮೂರೇ ದಿನಗಳಲ್ಲಿ, ಜೂನ್ 18ರಂದು, ಗವರ್ನರ್ ವಿಲಿಯಂ ವೆಲ್ಡ್ ಅವರು ವಿದ್ಯಾಭ್ಯಾಸ ಸುಧಾರಣೆಯ ಶಾಸನಕ್ಕೆ ಸಹಿ ಹಾಕಿದರು. ಇಷ್ಟು ಜಾಗ್ರತೆಯಾಗಿ ಸಹಿ ಬಿದ್ದುದಕ್ಕೆ ಕಾರಣವೇನೆಂದರೆ, ಮಸೂದೆಯು ಮೊದಲೇ ಸಿದ್ಧವಾಗುತ್ತಿದ್ದುದು. ಆ ಶಾಸನವು ಪ್ರತಿಯೊಂದು ಜಿಲ್ಲೆಗೂ ಒಂದು ಆಧಾರ ಆಯವ್ಯಯವನ್ನು ಲೆಕ್ಕಹಾಕಿಕೊಟ್ಟಿತು. ಉಪಾಧ್ಯಾಯರ ಸಂಬಳಕ್ಕೆ ಇಷ್ಟು, ಕಟ್ಟಡದ ರಕ್ಷಣೆಗೆ ಇಷ್ಟು, ನೌಕರರ ಆರೋಗ್ಯ ವಿಮೆಗೆ ಇಷ್ಟು, ಅಂಗವೈಕಲ್ಯವೇ ಮೊದಲಾದ ಕಾರಣಗಳಿಂದ ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ ಇಷ್ಟು ಎಂದು ಬಾಬುವಾರು ವಿಂಗಡಿಸಲಾಗಿತ್ತು. ಮೊದಲ ವರ್ಷಗಳಲ್ಲಿ ಫಲವೂ ಚೆನ್ನಾಗಿ ಕಂಡಿತು. ಬಡ ನಗರಗಳ ಶಾಲೆಗಳಿಗೆ ಹಿಂದೆಂದೂ ಕಾಣದಷ್ಟು ಹಣ ಬಂದಿತು.

ವರ್ಷವರ್ಷವೂ ಬೆಲೆಯ ಏರಿಕೆಗೆ ತಕ್ಕಂತೆ ಈ ಮೊತ್ತಗಳನ್ನು ಏರಿಸಬೇಕೆಂಬ ವಿಧಿಯೂ ಇತ್ತು. ಕೇಡು ಅಡಗಿದ್ದುದು ಅದರೊಳಗೇ. ಎಲ್ಲ ಬಾಬುಗಳಿಗೂ ಸಾಮಾನ್ಯವಾದ ಒಂದೇ ಬೆಲೆಯ ಸೂಚಿಯನ್ನು ಹಿಡಿದರು. ಆದರೆ ಆರೋಗ್ಯ ವಿಮೆಯ ವೆಚ್ಚವು ಸಾಮಾನ್ಯ ಬೆಲೆಗಳೊಡನೆ ಹೆಜ್ಜೆ ಹಾಕಲಿಲ್ಲ. ಅದು ದಾಪುಗಾಲಿಟ್ಟು ಮುಂದೆ ಓಡಿತು. ವಿಶೇಷ ಶಿಕ್ಷಣದ ವೆಚ್ಚವೂ 1993ರ ಊಹೆಯನ್ನು ಮೀರಿತು. ಈ ಎರಡು ವೆಚ್ಚಗಳನ್ನೂ ಊರಿನವರು ಬೇಡವೆನ್ನುವಂತಿಲ್ಲ. ಒಂದು ಒಪ್ಪಂದದಿಂದ ಬಂದುದು, ಇನ್ನೊಂದು ಶಾಸನದಿಂದ ಬಂದುದು. ಸಿರಿವಂತರ ಊರುಗಳು ತಮ್ಮ ತೆರಿಗೆಯಿಂದ ಮತ್ತಷ್ಟು ಹಣ ಹಾಕಿ ಕೊರತೆಯನ್ನು ತುಂಬಿಕೊಂಡವು. ಬಡ ಊರುಗಳು ಏನು ಮಾಡಬೇಕು? ತರಗತಿಯ ಉಪಾಧ್ಯಾಯರಿಗೆಂದು ಸೂತ್ರದಲ್ಲಿ ಕಾಣಿಸಿದ್ದ ಹಣವನ್ನೇ ತೆಗೆದು ವಿಮೆಗೆ ಕಟ್ಟಿದವು. ಕಾಗದದ ಮೇಲೆ ಎರಡು ಊರುಗಳೂ ಸೂತ್ರಕ್ಕೆ ಸರಿಯಾಗಿ ಹಣ ಪಡೆಯುತ್ತಿದ್ದವು. ತರಗತಿಯೊಳಗೆ ಮಾತ್ರ 1993ಕ್ಕಿಂತ ಹಿಂದಿನ ಅಂತರವು ಮೆಲ್ಲಮೆಲ್ಲನೆ ಮರಳಿ ಬಂದಿತು.

ನಡುವೆ ಅಲ್ಲಲ್ಲಿ ತೇಪೆ ಹಾಕಿದ್ದುಂಟು. ಆದರೆ ಸೂತ್ರದ ಮೂಲ ಊಹೆಗಳನ್ನು ಕ್ರಮವಾಗಿ ಬಿಚ್ಚಿ ನೋಡಿದ ಸಮಿತಿಯ ವರದಿ ಬಂದುದು 2015ರ ಅಕ್ಟೋಬರಿನಲ್ಲಿ. ಶಾಲೆಗಳ ನಿಜವಾದ ವೆಚ್ಚವನ್ನು ಸೂತ್ರವು ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರುಗಳಷ್ಟು ಕಡಮೆಯಾಗಿ ಎಣಿಸುತ್ತಿದೆಯೆಂದು ಅದು ಕಂಡಿತು. ರೋಗವು ಗೊತ್ತಾಯಿತು, ಔಷಧವೂ ಗೊತ್ತಾಯಿತು. ಕೊಡುವವರ ಕೈ ಮಾತ್ರ ಏಳಲಿಲ್ಲ. 2018ರ ಜುಲೈ ಕೊನೆಯಲ್ಲಿ ಎರಡು ಸಭೆಗಳೂ ಒಮ್ಮತಕ್ಕೆ ಬಾರದೆ ಮಸೂದೆಯು ಬಿದ್ದುಹೋಯಿತು. ಅಳೆದೂ ಸುರಿದೂ ಕಡೆಗೆ 2019ರ ನವೆಂಬರಿನಲ್ಲಿ ಗವರ್ನರ್ ಚಾರ್ಲಿ ಬೇಕರ್ ಅವರು ಹೊಸ ಶಾಸನಕ್ಕೆ ಸಹಿ ಮಾಡಿದರು. ಏಳು ವರ್ಷಗಳಲ್ಲಿ 150 ಕೋಟಿ ಡಾಲರು ಏರಿಸುವ ಯೋಜನೆ ಅದು. 2027ರ ಹಣಕಾಸಿನ ವರ್ಷಕ್ಕೆ ಪೂರ್ಣವಾಗಬೇಕೆಂದು ಗೊತ್ತುಮಾಡಿದುದು. ಸಮಿತಿಯು ವರದಿ ಒಪ್ಪಿಸಿದ 2015ರ ಶರತ್ಕಾಲದಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವು ಹನ್ನೆರಡನೆಯ ತರಗತಿಯನ್ನು ಮುಗಿಸುವುದು ಅದೇ 2027ರಲ್ಲಿ. ಸೂತ್ರವು ತಪ್ಪಿದೆಯೆಂದು ತಿಳಿದ ದಿನದಿಂದ ಅದು ಪೂರ್ತಿಯಾಗಿ ಸರಿಯಾಗುವ ದಿನದವರೆಗೆ ಒಂದು ಮಗುವಿನ ಶಾಲಾಜೀವನವೆಲ್ಲವೂ ಹಿಡಿಯುತ್ತದೆ. ತಪ್ಪಿದೆಯೆಂದು ತಿಳಿಯುವುದಕ್ಕೆ ಹಿಡಿದ ಎರಡು ದಶಕಗಳು ಬೇರೆ!

ಹಾಗಾದರೆ ವರ್ಷವರ್ಷವೂ ಸೂತ್ರವನ್ನು ತಿದ್ದೋಣವೆಂದು ಕೆಲವರು ಹೇಳಬಹುದು. ಅದನ್ನು ನಾವು ಒಪ್ಪಲಾರೆವು. ಶಾಲೆಯನ್ನು ನಡೆಸುವವರು ಉಪಾಧ್ಯಾಯರನ್ನು ನೇಮಿಸುವುದು ಒಂದು ವರ್ಷಕ್ಕಲ್ಲ, ಕಟ್ಟಡವನ್ನು ಕಟ್ಟುವುದು ಒಂದು ವರ್ಷಕ್ಕಲ್ಲ. ಮುಂದಿನ ವರ್ಷ ಏನು ಬರುವುದೋ ತಿಳಿಯದ ಜಿಲ್ಲೆಯು ಕಾಯಂ ಉಪಾಧ್ಯಾಯರ ಬದಲು ತಾತ್ಕಾಲಿಕರನ್ನು ಇಟ್ಟುಕೊಳ್ಳುವುದು ಸಹಜ. ಅದಕ್ಕಿಂತಲೂ ಹೆಚ್ಚಿನ ಅಪಾಯವೊಂದಿದೆ. ಸೂತ್ರವನ್ನು ಪ್ರತಿ ಅಧಿವೇಶನದಲ್ಲಿಯೂ ಬಿಚ್ಚಿದರೆ ಪ್ರತಿ ಅಧಿವೇಶನದಲ್ಲಿಯೂ ಪ್ರಬಲರಾದ ಸದಸ್ಯರು ತಮ್ಮ ಕ್ಷೇತ್ರಕ್ಕೆ ಒಂದು ಹಿಡಿ ಹೆಚ್ಚಾಗಿ ಬರುವಂತೆ ಅದನ್ನು ಬಗ್ಗಿಸುವರು; ಮೂರು ನಾಲ್ಕು ಅಧಿವೇಶನಗಳಲ್ಲಿ ಸೂತ್ರವು ಹೋಗಿ ಚೌಕಾಸಿ ಉಳಿಯುವುದು. ಇನ್ನೊಂದು ತುದಿಯಲ್ಲಿ ನಮ್ಮ ಹಿಂದಿನ ಕಂದಾಯದ ಪದ್ಧತಿಯನ್ನು ನೋಡಬಹುದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಸರ್ವೆ ಸೆಟ್ಲ್‌ಮೆಂಟು 30 ವರ್ಷಗಳಿಗೆ ಗೊತ್ತಾಗಿತ್ತು. ರೈತನು ಭೂಮಿಯಲ್ಲಿ ಬಂಡವಾಳ ಹಾಕಬೇಕಾದರೆ ಅವನಿಗೆ ದೀರ್ಘಕಾಲದ ಭರವಸೆ ಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ತೆರಿಗೆ ತೆರುವವನಿಗೆ ಆ ಭರವಸೆ ಒಳ್ಳೆಯದಿರಬಹುದು. ಆದರೆ ಹಣ ಪಡೆಯತಕ್ಕ ಶಾಲೆಯ ಮಗುವಿಗೆ 30 ವರ್ಷದ ಭರವಸೆಯೆಂದರೆ 30 ವರ್ಷದ ಹಸಿವು.

ಈ ಎರಡು ತುದಿಗಳ ನಡುವೆ ಒಂದು ಅವಧಿಯನ್ನು ಶಾಸನದಲ್ಲಿಯೇ ಬರೆದಿಟ್ಟ ರಾಜ್ಯ ವಾಯೋಮಿಂಗ್. ಜನಸಂಖ್ಯೆಯಲ್ಲಿ ಅಲ್ಲಿನ ರಾಜ್ಯಗಳಲ್ಲೆಲ್ಲ ಚಿಕ್ಕದು; ಕಲ್ಲಿದ್ದಲು, ತೈಲ, ಅನಿಲಗಳ ಆದಾಯದ ಮೇಲೆ ನಿಂತುದು. ಅಲ್ಲಿನ ಉಚ್ಚ ನ್ಯಾಯಾಲಯವು 1995ರಲ್ಲಿ ಕೊಟ್ಟ ತೀರ್ಪಿನ ಸಾರವೇನೆಂದರೆ, ಶಾಸನಸಭೆಯವರು ಮೊದಲು ಬೊಕ್ಕಸವನ್ನು ನೋಡಿ ಆಮೇಲೆ ಶಾಲೆಯನ್ನು ನೋಡಕೂಡದು. ಒಂದು ಮಗುವಿಗೆ ಏನೇನು ಕಲಿಸಬೇಕೆಂಬ ಬುಟ್ಟಿಯನ್ನು ಮೊದಲು ತುಂಬಿ, ಅದರ ಬೆಲೆಯನ್ನು ಕಟ್ಟಿ, ಆ ಹಣವನ್ನು ಒದಗಿಸಬೇಕು. ಈ ತೀರ್ಪಿನಿಂದ ಹುಟ್ಟಿದ ಶಾಸನದ ಪ್ರಕಾರ ಕನಿಷ್ಠ ಐದು ವರ್ಷಗಳಿಗೊಮ್ಮೆ ಬುಟ್ಟಿಯನ್ನೂ ಬೆಲೆಯನ್ನೂ ಮರುಲೆಕ್ಕ ಹಾಕತಕ್ಕದ್ದು. ನಡುವಿನ ವರ್ಷಗಳಲ್ಲಿ ಬೆಲೆಯೇರಿಕೆಗೆ ತಕ್ಕ ಹೊಂದಾಣಿಕೆಯನ್ನು ವಿಚಾರಿಸತಕ್ಕದ್ದು. 2005, 2010, 2015, 2020 ಹೀಗೆ ಮರುಲೆಕ್ಕಗಳು ಸರದಿಯಂತೆ ಬಂದವು.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಕಲ್ಲಿದ್ದಲಿನ ಆದಾಯ ಕುಸಿದಾಗ ವಾಯೋಮಿಂಗ್ ಶಾಸಕರು ಐದು ವರ್ಷ ಕಾಯದೆ, ಅವಧಿಗೆ ಮುಂಚೆಯೇ, 2017ರಲ್ಲಿ ಮರುಲೆಕ್ಕಕ್ಕೆ ಕೈಹಾಕಿದರು. ವೆಚ್ಚವನ್ನು ತಗ್ಗಿಸುವುದಕ್ಕೆ ತಜ್ಞರು ದಾರಿ ತೋರಿಸುವರೆಂಬ ಆಸೆ ಅನೇಕರಲ್ಲಿತ್ತು. 2018ರ ಆರಂಭದಲ್ಲಿ ತಜ್ಞರು ಕೊಟ್ಟ ಲೆಕ್ಕವು ಕಡಿತದ ಲೆಕ್ಕವಲ್ಲ, ಹೆಚ್ಚಳದ ಲೆಕ್ಕ! ಸಭೆಯು ಅದನ್ನು ಅಂಗೀಕರಿಸಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಕ್ಯಾನ್ಸಾಸ್ ರಾಜ್ಯದಲ್ಲಿಯೂ ಇಂಥದೇ ನಡೆಯಿತು. ಅಲ್ಲಿಯ ಶಾಸಕರು 2015ರಲ್ಲಿ ಹಳೆಯ ಸೂತ್ರವನ್ನೇ ಕಿತ್ತುಹಾಕಿ, ಜಿಲ್ಲೆಗಳಿಗೆ ಗೊತ್ತಾದ ಇಡಿಗಂಟನ್ನು ಕೊಡುವ ಪದ್ಧತಿಯನ್ನು ತಂದಿದ್ದರು. ಮಕ್ಕಳು ಹೆಚ್ಚಿದರೂ ಹಣವು ಹೆಚ್ಚದಂತಾಯಿತು. ನ್ಯಾಯಾಲಯವು ಅದನ್ನು ತಳ್ಳಿಹಾಕಿದ ಮೇಲೆ ಶಾಸಕರು ತಾವೇ ಆರಿಸಿ ನೇಮಿಸಿದ ತಜ್ಞರಿಂದ ವೆಚ್ಚದ ಅಧ್ಯಯನ ಮಾಡಿಸಿದರೆ, ವರ್ಷಕ್ಕೆ 200 ಕೋಟಿ ಡಾಲರಿನವರೆಗೂ ಹೆಚ್ಚು ಬೇಕಾಗಬಹುದೆಂದು ವರದಿ ಬಂದಿತು. ತನಗೆ ಬೇಕಾದ ಉತ್ತರಕ್ಕಾಗಿ ಲೆಕ್ಕ ಹಾಕಿಸುವವನಿಗೆ ಪ್ರಾಮಾಣಿಕನಾದ ಲೆಕ್ಕಿಗನು ಸಿಕ್ಕಿದರೆ ಹೀಗೆಯೇ ಆಗುವುದು.

ಐದು ವರ್ಷಗಳ ವಿಧಿಯಿದ್ದ ಮಾತ್ರಕ್ಕೆ ವಾಯೋಮಿಂಗಿನಲ್ಲಿ ಎಲ್ಲವೂ ನೆಟ್ಟಗಾಯಿತೆಂದು ತಿಳಿಯಕೂಡದು. ಉಪಾಧ್ಯಾಯರ ಸಂಘವು 2022ರಲ್ಲಿ ದಾವೆ ಹೂಡಿತು. ರಾಜ್ಯವು ಬೆಲೆಯೇರಿಕೆಗೆ ತಕ್ಕ ಹೊಂದಾಣಿಕೆಯನ್ನು ಸರಿಯಾಗಿ ಮಾಡಲಿಲ್ಲ, ಸಂಬಳಗಳು ಪೈಪೋಟಿಗೆ ನಿಲ್ಲದಂತಾದವು, ಶಾಲೆಯ ಊಟಕ್ಕೂ ಕೆಳ ತರಗತಿಗಳ ಮಕ್ಕಳ ಸಲಹೆಗಾರರಿಗೂ ಹಣವಿಡಲಿಲ್ಲ ಎಂದು 2025ರ ಫೆಬ್ರವರಿಯಲ್ಲಿ ಜಿಲ್ಲಾ ನ್ಯಾಯಾಧೀಶರು ತೀರ್ಪಿತ್ತರು. ರಾಜ್ಯವು ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಆದರೂ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅವಧಿಯು ಶಾಸನದಲ್ಲಿ ಬರೆದಿದ್ದುದರಿಂದ ವಾಯೋಮಿಂಗಿನ ಪ್ರಜೆಗೆ, ಯಾವ ವರ್ಷ ಯಾವ ಕೆಲಸ ಆಗಬೇಕಿತ್ತು, ಯಾವುದು ಆಗಲಿಲ್ಲ ಎಂದು ಬೆರಳಿಟ್ಟು ತೋರಿಸುವುದಕ್ಕೆ ಆಸ್ಪದವಿದೆ. ಮ್ಯಾಸಚೂಸೆಟ್ಸಿನಲ್ಲಿ ಅನೇಕ ವರ್ಷಗಳ ಕಾಲ ಅಂಥ ಆಸ್ಪದವಿರಲಿಲ್ಲ.

ಅವಧಿಗಿಂತಲೂ ಸೂಕ್ಷ್ಮವಾದ ಒಂದು ಅನ್ಯಾಯವನ್ನು ಓಹಾಯೋ ರಾಜ್ಯದಲ್ಲಿ ಕಾಣಬಹುದು. ಅಲ್ಲಿನ ಉಚ್ಚ ನ್ಯಾಯಾಲಯವು 1997ರಿಂದ 2002ರ ವರೆಗೆ ಮತ್ತೆಮತ್ತೆ ಅಲ್ಲಿಯ ಶಾಲಾ ಹಣದ ಪದ್ಧತಿಯು ಘಟನೆಗೆ ವಿರುದ್ಧವೆಂದು ಹೇಳಿತು. ಬಹುಕಾಲದ ಮೇಲೆ, 2021ರಲ್ಲಿ, ನಿಜವೆಚ್ಚವನ್ನು ಆಧರಿಸಿದ ಹೊಸ ಸೂತ್ರವು ಜಾರಿಗೆ ಬಂದಿತು. ಅದಕ್ಕೆ ತಕ್ಕಡಿಯಂತೆ ಎರಡು ತಟ್ಟೆಗಳು. ಒಂದರಲ್ಲಿ ಮಗುವನ್ನು ಓದಿಸುವ ವೆಚ್ಚ. ಇನ್ನೊಂದರಲ್ಲಿ ಊರಿನ ಆಸ್ತಿ ಮತ್ತು ಆದಾಯದ ಬಲ. ಮೊದಲು 2018ರ ವೆಚ್ಚವನ್ನು ಹಿಡಿದರು. ಮುಂದಿನ ಆಯವ್ಯಯದಲ್ಲಿ 2022ರ ವೆಚ್ಚಕ್ಕೆ ತಂದರು. ಆದರೆ 2025ರ ಆಯವ್ಯಯದಲ್ಲಿ ಆಸ್ತಿಯ ಬೆಲೆಗಳನ್ನು ಹೊಸದಾಗಿ ಹಿಡಿದರೂ ವೆಚ್ಚವನ್ನು ಮಾತ್ರ 2022ರಲ್ಲಿಯೇ ನಿಲ್ಲಿಸಿದರು. ಮನೆಗಳ ಬೆಲೆ ಏರಿದೆ, ಆದುದರಿಂದ ಊರಿನವರು ಹೆಚ್ಚು ತೆರಬಲ್ಲರೆಂದು ಸೂತ್ರವು ಹೇಳುತ್ತದೆ. ಉಪಾಧ್ಯಾಯರ ಸಂಬಳವೂ ಏರಿದೆಯೆಂಬುದು ಅದಕ್ಕೆ ಕಾಣಿಸದು. ಫಲವಾಗಿ ರಾಜ್ಯದ ಪಾಲು ತಾನಾಗಿಯೇ ಇಳಿಯುತ್ತದೆ. ಮೇಲಾಗಿ, ಮನೆಯ ಬೆಲೆ ಏರಿದ ಮಾತ್ರಕ್ಕೆ ಆ ಮನೆಯಲ್ಲಿ ವಾಸಿಸುವ ನಿವೃತ್ತನ ಕೈಯಲ್ಲಿ ಕಾಸು ಏರುವುದಿಲ್ಲವೆಂಬುದನ್ನು ಯಾವ ಗೃಹಸ್ಥನಿಗೂ ಹೇಳಿಕೊಡಬೇಕಾಗಿಲ್ಲ. ಸೂತ್ರದ ಒಂದು ಭಾಗವನ್ನು ತಿದ್ದುವಾಗ ಇನ್ನೊಂದು ಭಾಗವನ್ನೂ ಅದೇ ವರ್ಷಕ್ಕೆ ತಿದ್ದಬೇಕೆಂಬುದು ಎಷ್ಟು ವರ್ಷಗಳಿಗೊಮ್ಮೆ ಎಂಬುದರಷ್ಟೇ ಮುಖ್ಯ.

ಪೆನ್ಸಿಲ್ವೇನಿಯಾದ ರೋಗ ಬೇರೆ ಬಗೆಯದು. 2016ರಲ್ಲಿ ಶಾಸನವಾದ ಅದರ ಸೂತ್ರವನ್ನು ಐದು ವರ್ಷಗಳಿಗೊಮ್ಮೆ ಸಮಿತಿಯೊಂದು ಪರಿಶೀಲಿಸಬೇಕೆಂಬ ವಿಧಿಯಿದೆ. ಆದರೆ ಯಾವ ಜಿಲ್ಲೆಗೂ ಹಿಂದಿಗಿಂತ ಕಡಮೆ ಕೊಡಕೂಡದೆಂಬ ಹಳೆಯ ಕಟ್ಟಳೆಯಿಂದ, ಸೂತ್ರವು ಹಳೆಯ ಹಣಕ್ಕೆ ಅನ್ವಯಿಸದೆ, 2014-15ರ ಮೇಲೆ ಕೂಡಿಸಿದ ಹೊಸ ಹಣಕ್ಕೆ ಮಾತ್ರ ಅನ್ವಯಿಸಿತು. ಮಕ್ಕಳು ಬಿಟ್ಟುಹೋದ ಹಳ್ಳಿಗೆ ಹಳೆಯ ಹಣವು ಹಾಗೆಯೇ ಹೋಗುತ್ತಿತ್ತು. ಮಕ್ಕಳು ತುಂಬಿದ ಪಟ್ಟಣಕ್ಕೆ ಚೂರುಪಾರು. ಸೂತ್ರವು ಎಷ್ಟು ನ್ಯಾಯವಾಗಿದ್ದರೇನು, ಅದರ ಕೈಗೆ ಸಿಕ್ಕುವ ಹಣವೇ ಅಲ್ಪವಾದರೆ? ಅಲ್ಲಿನ ನ್ಯಾಯಾಲಯವು ಈ ವ್ಯವಸ್ಥೆಯನ್ನು 2023ರ ಫೆಬ್ರವರಿಯಲ್ಲಿ ಅಸಿಂಧುವೆಂದು ತೀರ್ಮಾನಿಸಿತು. ಸರದಿಯಂತೆ ಮುಂಚೆಯೇ ಬರಬೇಕಾಗಿದ್ದ ಎರಡನೆಯ ಸಮಿತಿಯ ವರದಿಯು ಹೊರಬಿದ್ದುದು 2024ರ ಜನವರಿಯಲ್ಲಿ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬಂತೆ! ಟೆಕ್ಸಸ್ ರಾಜ್ಯದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಅಲ್ಲಿ ಪ್ರತಿ ವಿದ್ಯಾರ್ಥಿಯ ಮೂಲ ಮೊತ್ತವು 2019ರಲ್ಲಿ 6,160 ಡಾಲರೆಂದು ಗೊತ್ತಾಯಿತು. 2025ರ ವರೆಗೆ ಅಲುಗಲಿಲ್ಲ. ಅಷ್ಟರಲ್ಲಿ ಬೆಲೆಗಳು ಸುಮಾರು ಕಾಲುಭಾಗ ಏರಿದ್ದವು. ಆಗ ಆ ಮೊತ್ತಕ್ಕೆ ಕೂಡಿಸಿದುದು 55 ಡಾಲರು. ಸಂಬಳದ ಹೆಚ್ಚಳವೇ ಮುಂತಾದುವಕ್ಕೆ ಬೇರೆ ಹಣವನ್ನು ಕೊಟ್ಟರೆಂಬುದು ನಿಜ. ಆದರೆ ಬೇರೆಯಾಗಿ ಕೊಟ್ಟ ಹಣವು ಯಾವ ಬಾಬಿಗೆ ಹೋಗಬೇಕೆಂಬುದನ್ನು ರಾಜಧಾನಿಯವರೇ ಗೊತ್ತುಮಾಡುವರು, ಊರಿನವರಲ್ಲ.

ಇವುಗಳನ್ನೆಲ್ಲ ನೋಡಿದ ಮೇಲೆ ನಮ್ಮ ಅಭಿಪ್ರಾಯವನ್ನು ಹೇಳುವುದು ಸುಲಭವಾಗಿದೆ. ಎಲ್ಲಕ್ಕೂ ಒಂದೇ ಅವಧಿಯನ್ನು ಗೊತ್ತುಮಾಡುವುದೇ ತಪ್ಪು. ಬೆಲೆಗಳ ಹೊಂದಾಣಿಕೆಯು ಪ್ರತಿವರ್ಷವೂ, ಯಾರ ದಯೆಯನ್ನೂ ಕಾಯದೆ, ತಾನಾಗಿಯೇ ಆಗತಕ್ಕದ್ದು. ಅದಕ್ಕೆ ಮಿತಿ ಹಾಕುವಾಗಲೂ ಎಚ್ಚರಬೇಕು. ಮ್ಯಾಸಚೂಸೆಟ್ಸಿನ ಶಾಸನದಲ್ಲಿ ವರ್ಷದ ಹೆಚ್ಚಳಕ್ಕೆ ಶೇಕಡ 4.5ರ ಮಿತಿಯಿದ್ದುದರಿಂದ, 2021ರಿಂದೀಚೆಗೆ ಬೆಲೆಗಳು ಅದನ್ನು ಮೀರಿ ಏರಿದಾಗ ಹೊಸ ಸೂತ್ರವೂ ಹಿಂದೆ ಬಿದ್ದಿತು. ಮಕ್ಕಳ ಸಂಖ್ಯೆ, ಬಡತನ, ಊರಿನ ಆಸ್ತಿ, ಸಂಬಳ ಇವುಗಳ ಅಂಕಿಗಳನ್ನು ಎರಡು ಮೂರು ವರ್ಷಗಳಿಗೊಮ್ಮೆ ಒಟ್ಟೊಟ್ಟಿಗೆ ಹೊಸದು ಮಾಡಬೇಕು. ಒಂದು ಮಗುವಿಗೆ ನಿಜವಾಗಿ ಏನೇನು ಬೇಕು, ಅದರ ಬೆಲೆಯೇನು ಎಂಬ ಮೂಲ ಊಹೆಗಳನ್ನು ಐದು ವರ್ಷಗಳಿಗೊಮ್ಮೆ ಬಿಚ್ಚಿ ನೋಡಬೇಕು. ಐದಕ್ಕಿಂತ ಮುಂಚೆ ಬಿಚ್ಚಿದರೆ ಹಿಂದಿನ ತಿದ್ದುಪಡಿಯ ಫಲವು ಕಾಣುವುದಿಲ್ಲ. ಹತ್ತು ವರ್ಷಕ್ಕೆ ಬಿಟ್ಟರೆ ಒಂದು ಪೀಳಿಗೆಯ ಮಕ್ಕಳು ತಪ್ಪು ಲೆಕ್ಕದಲ್ಲಿಯೇ ಓದಿ ಹೊರಬೀಳುವರು.

ಆದರೆ ವರದಿಯನ್ನು ಬರೆಸುವುದೇ ಪರಿಶೀಲನೆಯಲ್ಲ. ಈ ವಿಷಯದಲ್ಲಿ ನ್ಯೂಜರ್ಸಿಯವರ 2008ರ ಶಾಸನದ ಏರ್ಪಾಡು ನಮಗೆ ಬಹಳ ಮೆಚ್ಚಿಕೆಯಾಗಿದೆ. ಅಲ್ಲಿ ಮೂರು ವರ್ಷಗಳಿಗೊಮ್ಮೆ ಗವರ್ನರು ವೆಚ್ಚದ ವರದಿಯನ್ನು ಶಾಸನಸಭೆಗೆ ಒಪ್ಪಿಸಬೇಕು. ಗೊತ್ತಾದ ಅವಧಿಯೊಳಗೆ ಸಭೆಯು ಅಸಮ್ಮತಿಯ ನಿರ್ಣಯವನ್ನು ಮಾಡದಿದ್ದರೆ ವರದಿಯ ಮೊತ್ತಗಳು ಅಂಗೀಕೃತವೆಂದೇ ಭಾವಿಸತಕ್ಕದ್ದು. ಸುಮ್ಮನಿರುವವನು ಒಪ್ಪಿದಂತೆ. ಬೇರೆ ಕಡೆಗಳಲ್ಲಿ ಸುಮ್ಮನಿರುವವನು ನಿರಾಕರಿಸಿದಂತೆ ಆಗುತ್ತದೆ; ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವನು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ 2020ರಲ್ಲಿ ಗವರ್ನರರು ಹೊಸ ಯೋಜನೆಗೆ ತಡೆಹಾಕಿದರು. 2021ರ ಫೆಬ್ರವರಿಯಲ್ಲಿ ಸಭೆಯು ಆ ತಡೆಯನ್ನು ಮೀರಿ ಅದನ್ನು ಶಾಸನ ಮಾಡಿತು. ಯಾರು ಬೇಡವೆಂದರು, ಯಾರು ಬೇಕೆಂದರು ಎಂಬುದು ಕಡತದಲ್ಲಿದೆ. ಅಷ್ಟಾದರೂ ಬೇಕು.

ನಮ್ಮ ದೇಶಕ್ಕೆ ಅವಧಿಯ ಪರಿಶೀಲನೆಯು ಹೊಸದೇನೂ ಅಲ್ಲ. ರಾಜ್ಯಘಟನೆಯ 280ನೆಯ ಅನುಚ್ಛೇದದಂತೆ ಕೇಂದ್ರದ ಹಣಕಾಸು ಆಯೋಗವು ಐದು ವರ್ಷಗಳಿಗೊಮ್ಮೆ, ಬೇಕಾದರೆ ಅದಕ್ಕೂ ಮುಂಚೆ, ರಚಿತವಾಗಬೇಕು. ಪಂಚಾಯತಿಗಳ ಸಲುವಾಗಿ ರಾಜ್ಯದ ಹಣಕಾಸು ಆಯೋಗಕ್ಕೂ ಐದು ವರ್ಷಗಳ ಅವಧಿಯೇ. ಅಂಥ ಪರಿಶೀಲನೆಯು ಯಾವಾಗಲೂ ಲಾಭವನ್ನೇ ತರುವುದೆಂದು ಕನ್ನಡಿಗರು ನಂಬುವಂತಿಲ್ಲ. ಹದಿನಾಲ್ಕನೆಯ ಆಯೋಗವು ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ಶೇಕಡ 4.713ನ್ನು ಕೊಟ್ಟಿದ್ದರೆ, ಹದಿನೈದನೆಯದು ಅದನ್ನು 3.647ಕ್ಕೆ ಇಳಿಸಿತು. ಆದರೂ ಆ ಇಳಿಕೆಯು ಬೆಳಕಿನಲ್ಲಿ ಆಯಿತು. ಯಾವ ಆಧಾರದ ಮೇಲೆ ಆಯಿತೆಂದು ಅಂಕಿಗಳಿದ್ದವು. ವಾದ ಹೂಡುವುದಕ್ಕೆ ನಮ್ಮವರಿಗೆ ಅವಕಾಶ ಸಿಕ್ಕಿತು. ಶಾಲೆಗಳ ಹಣಕ್ಕೆ ಇಂಥ ಬೆಳಕು ಇಲ್ಲ. 2018ರಲ್ಲಿ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯು ಆರಂಭವಾದಾಗ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆಗನುಸಾರವಾಗಿ ವರ್ಷಕ್ಕೆ 25,000ದಿಂದ 1,00,000 ರೂಪಾಯಿಯವರೆಗೆ ಶಾಲಾ ಅನುದಾನವನ್ನು ಗೊತ್ತುಮಾಡಲಾಯಿತು. ಸುಣ್ಣಬಣ್ಣ, ಸೀಮೆಸುಣ್ಣ, ವಿದ್ಯುತ್ತಿನ ಬಿಲ್ಲು, ಶೌಚಾಲಯದ ಶುಚಿ ಎಲ್ಲವೂ ಅದರಲ್ಲಿಯೇ. 2021ರಲ್ಲಿ ಯೋಜನೆಯನ್ನು ಮತ್ತೆ ಐದು ವರ್ಷ ಮುಂದುವರಿಸಿದಾಗ ಮೇಲಿನ ಮಿತಿಯು ಲಕ್ಷದಲ್ಲಿಯೇ ನಿಂತಿತು. ಈ ಮೊತ್ತವನ್ನು ಇಂಥ ವರ್ಷ, ಇಂಥವರು, ಇಂಥ ಬೆಲೆಗಳನ್ನು ಹಿಡಿದು ಮರುಲೆಕ್ಕ ಹಾಕಬೇಕೆಂದು ಶಾಸನದಲ್ಲಿ ಬರೆಯಿಸುವುದಕ್ಕೆ ನಮ್ಮ ವಿಧಾನಮಂಡಲದ ಸದಸ್ಯರಾಗಲಿ ಪಾರ್ಲಿಮೆಂಟಿನ ಸದಸ್ಯರಾಗಲಿ ಒಂದು ಮಸೂದೆಯನ್ನು ತಂದರೆ, ಅದರ ಮೇಲೆ ಮತ ಕೇಳುವಷ್ಟು ಸಮಯವು ಯಾವ ಅಧಿವೇಶನದಲ್ಲಿಯೂ ಸಿಕ್ಕುವುದು.